ಕಿವಿಯ ಸಾಕ್ಷ್ಯ

ತರ್ಕಶಾಸ್ತ್ರದವರು ಪ್ರಮಾಣಗಳನ್ನು ಎಣಿಸುವಾಗ ಮೊದಲ ಪೀಠವನ್ನು ಪ್ರತ್ಯಕ್ಷಕ್ಕೆ ಕೊಡುತ್ತಾರೆ. ಕಣ್ಣಿನಿಂದ ಕಂಡುದನ್ನು, ಕಿವಿಯಿಂದ ಕೇಳಿದುದನ್ನು ಅಲ್ಲಗಳೆಯುವುದು ಸುಲಭವಲ್ಲ. ಶಾಸ್ತ್ರವನ್ನು ಓದದ ಹಿರಿಯರು ಮಾತ್ರ ಇದಕ್ಕೊಂದು ತಿದ್ದುಪಡಿಯನ್ನು ಗಾದೆಯಾಗಿ ಮಾಡಿಟ್ಟಿದ್ದಾರೆ: ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು. ಕಣ್ಣಿಗೆ ಹೇಳಿದ ಈ ಮಾತನ್ನು ಕಿವಿಗೂ ಹೇಳಬೇಕೆ? ಹೇಳಲೇಬೇಕೆಂಬುದನ್ನು ತೋರಿಸಿಕೊಡುವ ಒಂದು ಜಗಳ ಪಾಶ್ಚಾತ್ಯ ದೇಶಗಳ ಸಂಗೀತಪ್ರಿಯರಲ್ಲಿ ನಲವತ್ತು ವರ್ಷಗಳಿಂದ ನಡೆದು ಬಂದಿದೆ.

ಜಗಳದ ವಿಷಯ ಸಂಗೀತವಲ್ಲ. ಸಂಗೀತವನ್ನು ಮನೆಗೆ ತರುವ ಯಂತ್ರ. ಕಪ್ಪು ತಟ್ಟೆಯ ಮೇಲೆ ಮುಳ್ಳು ಓಡಿ ಹೊರಡಿಸುವ ನಾದವೇ ನಿಜವಾದ ನಾದವೆಂದು ಒಂದು ಪಕ್ಷ. ನಾದವನ್ನು ಅಂಕಿಗಳಾಗಿ ಬರೆದಿಟ್ಟು ಮರಳಿ ನಾದವಾಗಿಸುವ ಡಿಜಿಟಲ್ ವಿಧಾನವೇ ನಿರ್ದುಷ್ಟವೆಂದು ಇನ್ನೊಂದು ಪಕ್ಷ. ದ್ವೈತಾದ್ವೈತಗಳ ವಾದದಲ್ಲಿ ಉಭಯರಿಗೂ ಸಮ್ಮತವಾದ ಗ್ರಂಥಗಳಾದರೂ ಇದ್ದವು. ಈ ವಾದದಲ್ಲಿ ಅದೂ ಇಲ್ಲ. ಪ್ರತಿಯೊಬ್ಬನೂ ತನ್ನ ಕಿವಿಯನ್ನೇ ಸಾಕ್ಷಿಯಾಗಿ ಕರೆಯುತ್ತಾನೆ.

ಮೊದಲು ಎರಡು ವಿಧಾನಗಳ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. ನಿಮಿಷಕ್ಕೆ ಮೂವತ್ತಮೂರು ಸುತ್ತು ಮತ್ತು ಮೂರನೆಯ ಒಂದಂಶ ತಿರುಗುವ ದೀರ್ಘಕಾಲದ ತಟ್ಟೆಯನ್ನು, ಎಂದರೆ ಎಲ್‌ಪಿಯನ್ನು, ಅಮೆರಿಕದ ಕೊಲಂಬಿಯಾ ಕಂಪನಿಯು 1948ರ ಜೂನ್ ತಿಂಗಳಲ್ಲಿ ಹೊರತಂದಿತು. ವಿನೈಲ್ ಎಂಬ ಪದಾರ್ಥದ ಮೇಲೆ ಹೊರ ಅಂಚಿನಿಂದ ಒಳಕ್ಕೆ ಸುತ್ತಿಕೊಂಡು ಹೋಗುವ ಒಂದೇ ಒಂದು ಗೀರು ಅದರಲ್ಲಿದೆ. ನಾದದ ಅಲೆಯಲ್ಲಿ ಎಷ್ಟು ಬಳುಕು ಇತ್ತೋ ಅಷ್ಟು ಬಳುಕು ಗೀರಿನಲ್ಲಿರುತ್ತದೆ. ಮುಳ್ಳು ಅದನ್ನು ಅನುಸರಿಸುತ್ತದೆ. ಕಲ್ಪನೆ ಸರಳವಾದುದು, ಸುಂದರವಾದುದು. ಆದರೆ ತಟ್ಟೆಗೆ ಒಂದು ಹುಟ್ಟುದೋಷವಿದೆ. ಹೊರ ಅಂಚಿನಲ್ಲಿ ಒಂದು ಸೆಕೆಂಡಿನ ಸಂಗೀತಕ್ಕೆ ಸುಮಾರು 50 ಸೆಂಟಿಮೀಟರು ಜಾಗವಿದ್ದರೆ, ಒಳಗಿನ ಸುತ್ತುಗಳಲ್ಲಿ ಅದೇ ಒಂದು ಸೆಕೆಂಡು ಸುಮಾರು 20 ಸೆಂಟಿಮೀಟರಿನಲ್ಲಿ ಇಕ್ಕಟ್ಟಾಗಿ ಕುಳಿತುಕೊಳ್ಳಬೇಕು. ಕಚೇರಿಯ ಕೊನೆಯ ಭಾಗ ಮೊದಲ ಭಾಗದಷ್ಟು ನಿಚ್ಚಳವಾಗಿ ಕೇಳಿಸದಿರುವುದಕ್ಕೆ ಇದು ಕಾರಣ. ಧೂಳಿನ ಚಟಪಟ ಸದ್ದು, ಪ್ರತಿ ಬಾರಿಯ ಸವೆತ ಇವನ್ನಂತೂ ಹೇಳಬೇಕಾದುದೇ ಇಲ್ಲ.

ಡಿಜಿಟಲ್ ತಟ್ಟೆಯಾದ ಸಿ.ಡಿ.ಯನ್ನು ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಕೂಡಿ ರೂಪಿಸಿದವು. 1982ರ ಅಕ್ಟೋಬರಿನಲ್ಲಿ ಜಪಾನಿನ ಅಂಗಡಿಗಳಿಗೆ ಅದು ಬಂದಿತು. ಒಂದು ಸೆಕೆಂಡಿಗೆ 44,100 ಬಾರಿ ನಾದದ ಅಲೆಯ ಎತ್ತರವನ್ನು ಅಳೆದು, ಪ್ರತಿ ಅಳತೆಯನ್ನೂ 65,536 ಅಂತಸ್ತುಗಳಲ್ಲಿ ಒಂದಾಗಿ ಗುರುತು ಹಾಕಿಕೊಳ್ಳುವುದು ಅದರ ಕ್ರಮ. ಹಾಗಾದರೆ ಎರಡು ಅಳತೆಗಳ ನಡುವೆ ಇದ್ದ ನಾದ ಕಳೆದುಹೋಗಲಿಲ್ಲವೆ, ನುಣುಪಾದ ಅಲೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯಲಿಲ್ಲವೆ ಎಂದು ತಟ್ಟೆಯ ಪಕ್ಷದವರು ಕೇಳುತ್ತಾರೆ. ಪ್ರಶ್ನೆ ಸಹಜವಾದುದು, ಉತ್ತರ ಮಾತ್ರ ಗಣಿತದಲ್ಲಿದೆ. ಒಂದು ಅಲೆಯಲ್ಲಿರುವ ಅತ್ಯಂತ ವೇಗದ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ, ಆ ಅಳತೆಗಳಿಂದ ಇಡೀ ಅಲೆಯನ್ನು ಮೆಟ್ಟಿಲುಗಳಿಲ್ಲದೆ ಮತ್ತೆ ಎಳೆಯಬಹುದೆಂದು ಕ್ಲಾಡ್ ಶ್ಯಾನನ್ 1949ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸಾಧಿಸಿ ತೋರಿಸಿದ್ದನು. 44,100ರ ಅರ್ಧ ಎಂದರೆ 22,050. ಎಳೆಯ ಕಿವಿಗೆ ಕೇಳಿಸುವ ಕಂಪನಗಳ ಮಿತಿ ಸುಮಾರು 20,000. ವಯಸ್ಸು ಏರಿದಂತೆ ಆ ಮಿತಿ ಇಳಿಯುತ್ತದೆ.

ತಟ್ಟೆಯ ಭಕ್ತರು ಗಣಿತಕ್ಕೆ ಬಗ್ಗುವವರಲ್ಲ. ‘ಲೆಕ್ಕವನ್ನು ಬದಿಗಿಡಿ, ಕಿವಿಗೊಟ್ಟು ಕೇಳಿ’ ಎಂಬುದೇ ಅವರ ಉತ್ತರ. ಅದೂ ನ್ಯಾಯವೇ. ಸಂಗೀತ ಇರುವುದು ಕೇಳುವುದಕ್ಕಾಗಿ. ಆದಕಾರಣ ಸಾಕ್ಷಿಯನ್ನೇ ಕಟಕಟೆಗೆ ಕರೆದು ಪರೀಕ್ಷಿಸುವುದು ಉಚಿತ.

ಕಿವಿ ಎಷ್ಟು ಬೇಗ ಮೋಸಹೋಗುತ್ತದೆಂಬುದನ್ನು ಮೊದಲು ಕಂಡುಕೊಂಡವರು ವ್ಯಾಪಾರಿಗಳು. ಥಾಮಸ್ ಎಡಿಸನ್ನನ ಕಂಪನಿಯು ತನ್ನ ‘ಡೈಮಂಡ್ ಡಿಸ್ಕ್’ ಯಂತ್ರವನ್ನು ಪ್ರಚಾರಮಾಡಲು 1915ರಿಂದ ಹತ್ತು ವರ್ಷಗಳ ಕಾಲ ಅಮೆರಿಕದ ಊರೂರುಗಳಲ್ಲಿ ನಾದಪರೀಕ್ಷೆಗಳನ್ನು ಏರ್ಪಡಿಸಿತು. ರಂಗದ ಮೇಲೆ ಯಂತ್ರದ ಪಕ್ಕದಲ್ಲಿ ಗಾಯಕಿ ನಿಂತು ಹಾಡುವಳು, ನಡುವೆ ತುಟಿ ಮುಚ್ಚುವಳು, ಯಂತ್ರ ಮುಂದುವರಿಸುವುದು. ಕೆಲವೊಮ್ಮೆ ದೀಪಗಳನ್ನು ಆರಿಸುತ್ತಿದ್ದರು. ಬೆಳಕು ಬಂದಾಗ ಗಾಯಕಿ ರಂಗದ ಮೇಲೆ ಇಲ್ಲದಿರುವುದನ್ನು ಕಂಡು ಸಭೆ ಬೆರಗಾಗುತ್ತಿತ್ತು. 1916ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮೇರಿ ರಾಪೋಲ್ಡ್ ಎಂಬ ಪ್ರಸಿದ್ಧ ಗಾಯಕಿ ಹೀಗೆ ಹಾಡಿದಾಗ ಪತ್ರಿಕೆಗಳು ಕೊಂಡಾಡಿದವು. ಮೈಕ್ರೊಫೋನು ಧ್ವನಿಮುದ್ರಣಕ್ಕೆ ಬರುವ ಮುನ್ನಿನ ಕಾಲವದು. ಕಹಳೆಯ ಬಾಯಿಗೆ ಹಾಡಿ ಮುದ್ರಿಸಿದ ಆ ತಟ್ಟೆಗಳನ್ನು ಇಂದು ಕೇಳಿದವರು ಅದನ್ನು ಜೀವಂತ ಕಂಠವೆಂದು ಎಂದೂ ನಂಬಲಾರರು. ಈ ಪರೀಕ್ಷೆಗಳಲ್ಲಿ ಹಾಡಿದ ಆನಾ ಕೇಸ್ ಎಂಬ ಇನ್ನೊಬ್ಬ ಗಾಯಕಿ, ತನ್ನ ಕಂಠವನ್ನು ಯಂತ್ರದ ಧ್ವನಿಗೆ ಹೊಂದಿಸಿಕೊಂಡು ಹಾಡುತ್ತಿದ್ದುದಾಗಿ ವೃದ್ಧಾಪ್ಯದಲ್ಲಿ ಹೇಳಿದಳು. ಯಂತ್ರ ಮನುಷ್ಯನನ್ನು ಅನುಕರಿಸಿತೆಂದು ಜನ ತಿಳಿದರು, ಅನುಕರಿಸಿದುದು ಮನುಷ್ಯಕಂಠ.

ಅಂದಿನ ಸಭಿಕರು ಯಂತ್ರಕ್ಕೆ ಹೊಸಬರು, ಅವರನ್ನು ಕ್ಷಮಿಸಬಹುದು. ಪಳಗಿದ ಕಿವಿಗಳ ಕಥೆಯೇನು? ಸ್ಕಾಟ್ಲೆಂಡಿನ ಲಿನ್ ಕಂಪನಿಯ ಸ್ಥಾಪಕನಾದ ಐವರ್ ಟೀಫನ್‌ಬ್ರನ್ ತಟ್ಟೆಯ ಯಂತ್ರಗಳನ್ನು ತಯಾರಿಸುವುದರಲ್ಲಿ ಪ್ರಖ್ಯಾತನಾದವನು. ಡಿಜಿಟಲ್ ನಾದದ ಕಡುವಿರೋಧಿ. 1984ರಲ್ಲಿ ಆತ ಒಂದು ಪರೀಕ್ಷೆಗೆ ಧೈರ್ಯವಾಗಿ ಒಪ್ಪಿಕೊಂಡನು. ತಟ್ಟೆಯ ನಾದವು ಬರುವ ದಾರಿಯಲ್ಲಿ ಒಂದು ಡಿಜಿಟಲ್ ಯಂತ್ರವನ್ನು ಅವನಿಗೆ ತಿಳಿಯದಂತೆ ಸೇರಿಸುವುದು, ತೆಗೆಯುವುದು. ಯಾವಾಗ ಸೇರಿತು, ಯಾವಾಗ ತೆಗೆಯಿತು ಎಂಬುದನ್ನು ಅವನು ಕಿವಿಯಿಂದಲೇ ಹೇಳುವುದು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದ ಸ್ಟ್ಯಾನ್ಲಿ ಲಿಪ್‌ಷಿಟ್ಸ್ ಬರೆದ ವರದಿಯ ಪ್ರಕಾರ, ಅವನ ಉತ್ತರಗಳು ನಾಣ್ಯ ಚಿಮ್ಮಿ ಹೇಳಿದ ಉತ್ತರಗಳಿಗಿಂತ ಉತ್ತಮವಾಗಿರಲಿಲ್ಲ.

2007ರಲ್ಲಿ ಅಮೆರಿಕದ ಧ್ವನಿತಂತ್ರಜ್ಞರ ಸಂಘದ ಪತ್ರಿಕೆಯಲ್ಲಿ ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೋರನ್ ಎಂಬಿಬ್ಬರು ಇನ್ನೂ ವಿಸ್ತಾರವಾದ ಪ್ರಯೋಗವನ್ನು ಪ್ರಕಟಿಸಿದರು. ಸಿ.ಡಿ.ಗಿಂತ ಬಹು ಸೂಕ್ಷ್ಮವಾದ ಡಿಜಿಟಲ್ ಮುದ್ರಣವನ್ನು ಒಮ್ಮೆ ಹಾಗೆಯೇ, ಇನ್ನೊಮ್ಮೆ ಸಿ.ಡಿ.ಯ ಮಟ್ಟಕ್ಕೆ ಇಳಿಸಿ ಕೇಳಿಸಿದರು. ಒಟ್ಟು 554 ಬಾರಿ ಪ್ರಶ್ನೆ ಕೇಳಿದುದರಲ್ಲಿ ಸರಿಯುತ್ತರ ಬಂದುದು 276 ಬಾರಿ. ಅರ್ಧಕ್ಕೆ ಒಂದು ಕಡಮೆ! ನ್ಯಾಯಕ್ಕಾಗಿ ಇನ್ನೊಂದನ್ನೂ ಹೇಳಬೇಕು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾನಿಲಯದ ಜೋಷುವ ರೀಸ್ 2016ರಲ್ಲಿ ಇಂತಹ ಹದಿನೆಂಟು ಪ್ರಯೋಗಗಳನ್ನು ಕೂಡಿಸಿ ಲೆಕ್ಕ ಹಾಕಿದಾಗ ಸರಿಯುತ್ತರಗಳು ನೂರಕ್ಕೆ 52ಕ್ಕಿಂತ ತುಸು ಮೇಲೆ ಬಂದವು. ವಿಶೇಷ ತರಬೇತಿ ಪಡೆದವರಲ್ಲಿ 60ರ ಸುತ್ತ. ವ್ಯತ್ಯಾಸ ಸೊನ್ನೆಯೆಂದು ಹೇಳಲಾಗದು. ಆದರೆ ಮಾರಾಟಗಾರರು ವರ್ಣಿಸುವ ಆಕಾಶಪಾತಾಳಗಳ ಅಂತರ ಅಲ್ಲಿಲ್ಲವೆಂಬುದೂ ನಿಜ.

ಇಷ್ಟಾದರೂ ವಾದ ನಿಲ್ಲಲಿಲ್ಲ. ಅದಕ್ಕೆ ದೊಡ್ಡ ಪೆಟ್ಟು ಬಿದ್ದುದು 2022ರ ಜುಲೈ ತಿಂಗಳಲ್ಲಿ. ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಕಂಪನಿಯು ಹಳೆಯ ಪ್ರಸಿದ್ಧ ಗೀತಸಂಪುಟಗಳನ್ನು ಮೂಲ ಟೇಪಿನಿಂದ ಎತ್ತಿ ಬೆಲೆಬಾಳುವ ತಟ್ಟೆಗಳಾಗಿ ಮಾರುತ್ತಿತ್ತು. ಅದರ ಅತ್ಯುತ್ತಮ ಶ್ರೇಣಿಯ ಒಂದು ತಟ್ಟೆಗೆ ನೂರು ಡಾಲರಿಗೂ ಮಿಕ್ಕಿದ ಬೆಲೆ. ಡಿಜಿಟಲ್‌ನ ಸೋಂಕಿಲ್ಲದ ಶುದ್ಧ ನಾದವೆಂದರೆ ಇದು ಎಂದು ತಟ್ಟೆಯ ಪಕ್ಷದವರು ಬೆರಳೆತ್ತಿ ತೋರುತ್ತಿದ್ದುದು ಈ ತಟ್ಟೆಗಳನ್ನೇ. ಆ ವರ್ಷ ಕಂಪನಿಯು ಮೈಕೇಲ್ ಜಾಕ್ಸನ್ನನ ‘ಥ್ರಿಲ್ಲರ್’ ಸಂಪುಟದ 40,000 ಪ್ರತಿಗಳನ್ನು ಹೊರತರುವುದಾಗಿ ಪ್ರಕಟಿಸಿತು. ಬಲ್ಲವರು ಹುಬ್ಬುಗಂಟಿಕ್ಕಿದರು. ಅಷ್ಟು ಪ್ರತಿಗಳನ್ನು ಈ ಶ್ರೇಣಿಯ ಕ್ರಮದಲ್ಲಿ ಒತ್ತಬೇಕಾದರೆ ಅಮೂಲ್ಯವಾದ ಮೂಲ ಟೇಪನ್ನು ಹತ್ತಾರು ಬಾರಿ ಓಡಿಸಬೇಕಾಗುತ್ತದೆ. ಯಾವ ಒಡೆಯ ಅದಕ್ಕೆ ಒಪ್ಪುತ್ತಾನೆ? ಅರಿಜೋನಾದ ಫೀನಿಕ್ಸ್ ನಗರದ ಒಬ್ಬ ತಟ್ಟೆ ವ್ಯಾಪಾರಿ ಈ ಸಂದೇಹವನ್ನು ಬಹಿರಂಗವಾಗಿ ಎತ್ತಿದನು. ಕ್ಯಾಲಿಫೋರ್ನಿಯಾದಲ್ಲಿದ್ದ ಕಂಪನಿಯ ಕಾರ್ಯಾಗಾರಕ್ಕೆ ಹೋಗಿ ತಂತ್ರಜ್ಞರನ್ನೇ ಕೇಳಿದನು. ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು: ಮೂಲ ಟೇಪಿನಿಂದ ಮೊದಲು ಡಿಜಿಟಲ್ ಪ್ರತಿ, ಆ ಪ್ರತಿಯಿಂದ ತಟ್ಟೆ. 2011ರಿಂದಲೇ ಅನೇಕ ತಟ್ಟೆಗಳು ಹೀಗೆ ತಯಾರಾಗಿದ್ದವು.

ಹತ್ತು ವರ್ಷಗಳಿಗೂ ಮಿಕ್ಕಿ ಪಳಗಿದ ಕಿವಿಗಳು ಆ ತಟ್ಟೆಗಳನ್ನು ಕೇಳಿ ಆನಂದಿಸಿದ್ದವು. ‘ಅಂಕಿಯ ವಾಸನೆಯಿದೆ’ ಎಂದು ಅವು ಆಕ್ಷೇಪಿಸಿರಲಿಲ್ಲ. ವಿಷಯ ತಿಳಿದ ಮಾರನೆಯ ದಿನ ಮಾತ್ರ ಅನೇಕರಿಗೆ ನಾದ ಕೆಟ್ಟಿತು! ಗ್ರಾಹಕರು ನ್ಯಾಯಾಲಯಕ್ಕೆ ಹೋದರು. ಸುಮಾರು ಎರಡೂವರೆ ಕೋಟಿ ಡಾಲರುಗಳ ಮೌಲ್ಯದ ರಾಜಿಯಾಯಿತು. ಗ್ರಾಹಕರ ದೂರು ಸುಳ್ಳಲ್ಲ. ಅವರು ಒಂದು ವಸ್ತುವಿಗೆ ಹಣ ಕೊಟ್ಟಿದ್ದರು. ಕೈಗೆ ಬಂದುದು ಇನ್ನೊಂದು. ಹಾಲಿಗೆ ನೀರು ಬೆರೆಸಿದವನು ‘ರುಚಿಯಲ್ಲಿ ನಿಮಗೆ ಗೊತ್ತಾಗಲಿಲ್ಲವಲ್ಲ’ ಎಂದರೆ ಅದು ಸಮರ್ಥನೆಯಾಗಲಾರದು. ಆದರೂ ಮೋಸ ಬಯಲಿಗೆ ಬಂದುದು ಲೆಕ್ಕಾಚಾರದಿಂದ, ಕೇಳಿಕೆಯಿಂದಲ್ಲ ಎಂಬುದನ್ನು ಮರೆಯುವಂತಿಲ್ಲ.

ಇಷ್ಟರಿಂದ ತಟ್ಟೆಯ ಪಕ್ಷದವರೆಲ್ಲ ಭ್ರಾಂತರೆಂದು ತೀರ್ಪು ಕೊಡುವುದೂ ಅವಸರದ ಮಾತು. ‘ನನ್ನ ಹಳೆಯ ತಟ್ಟೆ ಹೊಸ ಸಿ.ಡಿ.ಗಿಂತ ಇಂಪಾಗಿದೆ’ ಎನ್ನುವವನು ಎಷ್ಟೋ ಸಂದರ್ಭಗಳಲ್ಲಿ ನಿಜವನ್ನೇ ಹೇಳುತ್ತಿರುತ್ತಾನೆ. ಕಾರಣವನ್ನು ಮಾತ್ರ ತಪ್ಪಾಗಿ ಹೇಳುತ್ತಾನೆ. 1990ರ ದಶಕದಿಂದ ಧ್ವನಿಮುದ್ರಣ ಕಂಪನಿಗಳು ತಮ್ಮ ಹಾಡು ಇತರರ ಹಾಡಿಗಿಂತ ಜೋರಾಗಿ ಕೇಳಿಸಬೇಕೆಂಬ ಪೈಪೋಟಿಗೆ ಇಳಿದವು. ಸಣ್ಣ ಧ್ವನಿಯನ್ನು ಮೇಲಕ್ಕೆತ್ತಿ, ದೊಡ್ಡ ಧ್ವನಿಯ ತಲೆಯನ್ನು ಕತ್ತರಿಸಿ, ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದವು. ಪಿಸುಮಾತಿಗೂ ಗರ್ಜನೆಗೂ ಭೇದವಿಲ್ಲದ ಇಂತಹ ಸಂಗೀತ ಕಿವಿಗೆ ದಣಿವು. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಸಂಪುಟ ಹೊರಟಾಗ ಅಭಿಮಾನಿಗಳೇ ಸಹಿ ಸಂಗ್ರಹಿಸಿ ಪ್ರತಿಭಟಿಸಿದರು. ಅವೇ ಹಾಡುಗಳು ಒಂದು ಮಕ್ಕಳಾಟದ ಯಂತ್ರದಲ್ಲಿ ಸಿ.ಡಿ.ಗಿಂತ ಸ್ವಚ್ಛವಾಗಿ ಕೇಳುತ್ತಿದ್ದವು. ತಪ್ಪು ಸಿ.ಡಿ.ಯದಲ್ಲ, ಅದರೊಳಗೆ ಸಂಗೀತವನ್ನು ತುರುಕಿದವರದು. ಪಾತ್ರೆ ಬೆಳ್ಳಿಯದಾದ ಮಾತ್ರಕ್ಕೆ ಅಡುಗೆ ರುಚಿಯಾಗುವುದಿಲ್ಲವಷ್ಟೆ.

ತಟ್ಟೆಯನ್ನು ಪ್ರೀತಿಸಲು ಬೇರೆ ಕಾರಣಗಳೂ ಇವೆ. ದೊಡ್ಡ ಚಿತ್ರವಿರುವ ರಟ್ಟಿನ ಹೊದಿಕೆ, ಎರಡು ಕೈಗಳಿಂದ ಎತ್ತಿ ಇಡಬೇಕಾದ ವಸ್ತು, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಮಗುಚಬೇಕಾದ ಶ್ರಮ ಇವೆಲ್ಲ ಕೇಳುವವನನ್ನು ಒಂದು ಕಡೆ ಕೂರಿಸುತ್ತವೆ. 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ಎಲ್‌ಪಿಗಳೂ 3.3 ಕೋಟಿ ಸಿ.ಡಿ.ಗಳೂ ಮಾರಾಟವಾದವು, 1987ರ ಅನಂತರ ತಟ್ಟೆ ಸಂಖ್ಯೆಯಲ್ಲಿ ಮುಂದಾದುದು ಅದೇ ಮೊದಲು. ಇದನ್ನು ಪ್ರೀತಿಯೆಂದು ಕರೆದರೆ ಜಗಳವಿಲ್ಲ. ವಿಜ್ಞಾನವೆಂದು ಕರೆದಾಗ ಜಗಳ.

ಯಂತ್ರದ ಮೇಲಣ ಈ ಜಗಳ ಕೇಳುವ ಪದ್ಧತಿಯನ್ನೇ ಕೆಡಿಸಿದುದು ಇದಕ್ಕಿಂತ ಗಂಭೀರವಾದ ವಿಷಯ. ಯಂತ್ರಗಳನ್ನು ಮಾರುವ ಅಂಗಡಿಗಳಲ್ಲಿ, ಪ್ರದರ್ಶನಗಳಲ್ಲಿ ನೂರು ಕೋಣೆಗಳಿದ್ದರೂ ಕೇಳಿಬರುವ ಹಾಡುಗಳು ಹತ್ತೋ ಹನ್ನೆರಡೋ. ಈಗಲ್ಸ್ ತಂಡದವರು 1994ರಲ್ಲಿ ಮತ್ತೆ ಒಂದುಗೂಡಿ ಸಭೆಯ ಮುಂದೆ ಹಾಡಿದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಅವುಗಳಲ್ಲಿ ಅಗ್ರಗಣ್ಯ. ಗಿಟಾರಿನ ತಂತಿಗಳ ಮೀಟು, ನಡುವೆ ಎದೆಗೆ ಬಡಿಯುವ ಮದ್ದಳೆಯ ಗುದ್ದು, ಸಭಿಕರ ಕರತಾಡನ. ಕೊಳ್ಳಲು ಬಂದವನು ತಲೆದೂಗುತ್ತಾನೆ. ಡೈರ್ ಸ್ಟ್ರೇಟ್ಸ್ ತಂಡದ 1985ರ ‘ಬ್ರದರ್ಸ್ ಇನ್ ಆರ್ಮ್ಸ್’ ಇನ್ನೊಂದು. ಹತ್ತು ಲಕ್ಷ ಸಿ.ಡಿ.ಗಳು ಮಾರಾಟವಾದ ಮೊದಲ ಸಂಪುಟವದು. ಡಿಜಿಟಲ್ ಟೇಪಿನ ಮೇಲೆ ಮುದ್ರಿತವಾದುದು. ಅದನ್ನು ಈಗ ಎಲ್‌ಪಿಯಾಗಿ ಕೊಂಡು ಅನಲಾಗ್ ಮಾಧುರ್ಯವನ್ನು ಹೊಗಳುವವರಿದ್ದಾರೆ! ಟೆಲಾರ್ಕ್ ಕಂಪನಿಯು 1970ರ ದಶಕದ ಕೊನೆಯಲ್ಲಿ ಸಿನ್ಸಿನಾಟಿಯ ವಾದ್ಯವೃಂದದಿಂದ ನುಡಿಸಿ ಮುದ್ರಿಸಿದ ಚೈಕೋವ್‌ಸ್ಕಿಯ ‘1812’ ಇದರ ಹಿರಿಯಣ್ಣ. ಅದರಲ್ಲಿ ನಿಜವಾದ ಫಿರಂಗಿಗಳನ್ನು ಹಾರಿಸಿದ್ದರು. ಆ ಗುಂಡಿನ ಬಳುಕು ಗೀರಿನಲ್ಲಿ ಬರಿಗಣ್ಣಿಗೆ ಕಾಣುತ್ತಿತ್ತು. ಎಷ್ಟೋ ಯಂತ್ರಗಳ ಮುಳ್ಳು ಅಲ್ಲಿಗೆ ಬಂದಾಗ ಎಗರಿಬೀಳುತ್ತಿತ್ತು. ತಟ್ಟೆಯ ಯಂತ್ರಗಳ ಶಕ್ತಿಯನ್ನು ಅಳೆಯುವ ಒರೆಗಲ್ಲಾಗಿದ್ದ ಆ ಮುದ್ರಣವೂ ಡಿಜಿಟಲ್ಲೇ!

ಇಂತಹ ಹಾಡುಗಳನ್ನು ಆರಿಸುವುದು ಯಂತ್ರ ಚೆನ್ನಾಗಿ ಕಾಣಿಸಲೆಂದು. ಹೆಣ್ಣು ತೋರಿಸುವ ದಿನ ಮನೆಯ ಹರಕು ಚಾಪೆಯನ್ನು ಅಟ್ಟಕ್ಕೆ ಹಾಕುವ ಹಾಗೆ, ಯಂತ್ರದ ದೋಷವನ್ನು ತೋರಿಸುವ ಸಂಗೀತವನ್ನು ಅಂಗಡಿಯವನು ಹೊರತೆಗೆಯುವುದಿಲ್ಲ. ಅವನಾದರೂ ಹೊಟ್ಟೆಪಾಡಿಗಾಗಿ ಹಾಗೆ ಮಾಡುತ್ತಾನೆ. ಕೊಂಡವನು ಮನೆಗೆ ಹೋಗಿಯೂ ಅದೇ ಹಾಡನ್ನು, ಅದೂ ಅದೇ ಅರ್ಧ ನಿಮಿಷವನ್ನು, ಅತಿಥಿಗಳಿಗೆಲ್ಲ ಕೇಳಿಸುವುದು ವಿಚಿತ್ರ. ಫಿರಂಗಿ ಹಾರುವವರೆಗೆ ಮುಳ್ಳನ್ನು ಮುಂದಕ್ಕೆ ದೂಡುತ್ತಾನೆ; ಹಾರಿದ ಮೇಲೆ ನಿಲ್ಲಿಸುತ್ತಾನೆ. ಚೈಕೋವ್‌ಸ್ಕಿ ಕಾಲು ಗಂಟೆ ಕಟ್ಟಿದುದು ಆ ಗುಂಡಿಗಾಗಿ ಮಾತ್ರವೆ?

ಒಂದೇ ಹಾಡನ್ನು ಪರೀಕ್ಷೆಗಾಗಿ ಮತ್ತೆ ಮತ್ತೆ ಕೇಳುವುದು ಕೆಲವೊಮ್ಮೆ ಅವಶ್ಯವಾಗುತ್ತದೆ. ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಎಂಬ ವಿಜ್ಞಾನಿ ಎಂಪಿ-3 ವಿಧಾನವನ್ನು ರೂಪಿಸುತ್ತಿದ್ದಾಗ, ಲೌಡ್‌ಸ್ಪೀಕರುಗಳ ಪರೀಕ್ಷೆಗೆ ಸುಝಾನ್ ವೇಗಾ ಹಾಡಿದ ‘ಟಾಮ್ಸ್ ಡೈನರ್’ ಬಳಕೆಯಲ್ಲಿರುವುದನ್ನು ಒಂದು ಪತ್ರಿಕೆಯಲ್ಲಿ ಓದಿದನು. ವಾದ್ಯಗಳ ಆಸರೆಯಿಲ್ಲದ ಬರಿಯ ಕಂಠವದು. ಅವನ ಯಂತ್ರದ ಮೂಲಕ ಬಂದಾಗ ಆ ಕಂಠ ಕರ್ಕಶವಾಗಿ ಒಡೆಯಿತು. ದೋಷ ಹೋಗುವವರೆಗೆ ಆತ ಅದನ್ನು ನೂರಾರು ಬಾರಿ ಕೇಳಿ ತಿದ್ದಿದನು. ಈ ಇಬ್ಬರ ಕೇಳಿಕೆಗೂ ಭೇದವಿದೆ. ಬ್ರಾಂಡೆನ್‌ಬುರ್ಗ್ ಆ ಹಾಡನ್ನು ಆರಿಸಿದುದು ತನ್ನ ಯಂತ್ರದ ಹುಳುಕು ಕಾಣಲೆಂದು. ಪ್ರದರ್ಶನದವನು ಹಾಡನ್ನು ಆರಿಸುವುದು ಹುಳುಕು ಕಾಣದಿರಲೆಂದು.

ಭಾರತೀಯ ವಾದ್ಯವೊಂದು ಈ ಪ್ರದರ್ಶನದ ಪಟ್ಟಿಗೆ ಸೇರಿದ ಕಥೆಯೂ ಇದೆ. 1992ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಒಂದು ಪ್ರಾರ್ಥನಾಮಂದಿರದಲ್ಲಿ ಜಯಪುರದ ವಿಶ್ವಮೋಹನ ಭಟ್ಟರು ಮೋಹನವೀಣೆಯನ್ನೂ ಅಮೆರಿಕದ ರೈ ಕೂಡರ್ ಗಿಟಾರನ್ನೂ ನುಡಿಸಿದರು. ಅವರಿಬ್ಬರ ಮೊದಲ ಭೇಟಿ ನಡೆದುದು ಅದಕ್ಕೆ ಸ್ವಲ್ಪವೇ ಮುಂಚೆ. ಕವಿಚಂದ್ರನ್ ಅಲೆಕ್ಸಾಂಡರ್ ಎಂಬ ನಿರ್ಮಾಪಕರು ಹಳೆಯ ಕ್ರಮದ ನಿರ್ವಾತ ನಳಿಗೆಯ ಯಂತ್ರಗಳಿಂದ, ಎರಡು ಮೈಕ್ರೊಫೋನುಗಳನ್ನು ಅಡ್ಡಲಾಗಿ ಜೋಡಿಸಿ ಅದನ್ನು ಮುದ್ರಿಸಿದರು. 1993ರಲ್ಲಿ ‘ಎ ಮೀಟಿಂಗ್ ಬೈ ದಿ ರಿವರ್’ ಎಂದು ಪ್ರಕಟವಾದ ಆ ಸಂಪುಟಕ್ಕೆ ಮರುವರ್ಷ ಗ್ರಾಮಿ ಪ್ರಶಸ್ತಿ ದೊರೆಯಿತು. ಅಂಗಡಿಯವನು ಅದರಲ್ಲಿ ತಂತಿಯ ಮೇಲೆ ಬೆರಳು ಜಾರುವ ಸದ್ದನ್ನೂ ಮಂದಿರದ ಗೋಡೆಗಳ ಅನುರಣನವನ್ನೂ ತೋರಿಸುತ್ತಾನೆ. ಪರಿಚಯವಿಲ್ಲದ ಇಬ್ಬರು ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡು ಉತ್ತರ ಕೊಡುತ್ತಿರುವುದು ಆ ಸಂಪುಟದ ಜೀವಾಳ. ಅದು ಅರ್ಧ ನಿಮಿಷದಲ್ಲಿ ಕೇಳಿಸುವಂತಹುದಲ್ಲ.

ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ 1930ರ ದಶಕದಲ್ಲಿ ಹಾಡಿದ ಎಪ್ಪತ್ತೆಂಟು ಸುತ್ತಿನ ತಟ್ಟೆಗಳು ಮೂರು ಮೂರೂವರೆ ನಿಮಿಷದವು. ಮುಳ್ಳಿನ ಕರಕರ ಸದ್ದು ಅವುಗಳಲ್ಲಿ ಮಳೆಯಂತೆ ಸುರಿಯುತ್ತದೆ. ಯಾವ ಪ್ರದರ್ಶನದ ಕೋಣೆಯಲ್ಲಿಯೂ ಅವುಗಳಿಗೆ ಪ್ರವೇಶ ಸಿಕ್ಕದು. ಅವನ್ನು ಕೇಳಿಯೇ ರಾಗವನ್ನು ಗುರುತಿಸಲು ಕಲಿತ, ಕಣ್ಣು ಒದ್ದೆ ಮಾಡಿಕೊಂಡ ಮನೆಗಳು ಧಾರವಾಡದ ಸೀಮೆಯಲ್ಲಿ ಎಷ್ಟಿಲ್ಲ! ಕೇಳುವವರ ಕಿವಿ ಆ ಮಳೆಯನ್ನು ದಾಟಿ ಕಂಠದ ಬಳಿ ಹೋಗಿ ನಿಲ್ಲುತ್ತಿತ್ತು. ದುಬಾರಿ ಯಂತ್ರದ ಮುಂದೆ ಕುಳಿತು ಮಳೆಹನಿಗಳನ್ನೇ ಎಣಿಸುವ ಅಭ್ಯಾಸವಾದವನಿಗೆ ಕಂಠ ದೂರವೇ ಉಳಿಯುತ್ತದೆ.

ಹೊಸದಾಗಿ ಯಂತ್ರ ಕೊಳ್ಳಹೊರಟ ಗೃಹಸ್ಥರಿಗೆ ಈ ವಾದದಿಂದ ಕೆಲವು ಪ್ರಯೋಜನಗಳುಂಟು. ಅಂಗಡಿಗೆ ಹೋಗುವಾಗ ಮನೆಯವರಿಗೆಲ್ಲ ಬಾಯಿಪಾಠವಾಗಿರುವ ಒಂದು ಧ್ವನಿಮುದ್ರಿಕೆಯನ್ನು ತಾವೇ ಒಯ್ಯಬೇಕು. ಅಂಗಡಿಯವನ ಹಾಡನ್ನು ವಿನಯದಿಂದ ಬೇಡವೆನ್ನಬೇಕು. ಎರಡು ಯಂತ್ರಗಳನ್ನು ಹೋಲಿಸುವಾಗ ಎರಡರ ಧ್ವನಿಯ ಮಟ್ಟವೂ ಒಂದೇ ಆಗಿರಬೇಕು. ತುಸು ಜೋರಾದುದು ತುಸು ಉತ್ತಮವೆಂದು ತೋರುವುದು ಕಿವಿಯ ಸ್ವಭಾವ. ಯಾವುದು ಯಾವ ಯಂತ್ರವೆಂದು ಕೇಳುವವರಿಗೆ ತಿಳಿಯದಿದ್ದರೆ ಇನ್ನೂ ಮೇಲು. ಬೆಲೆಯ ಚೀಟಿಯನ್ನು ಮುಚ್ಚಿಟ್ಟರೆ ಆಗುವ ಉಳಿತಾಯ ಕೆಲವೊಮ್ಮೆ ಆಶ್ಚರ್ಯಕರವಾಗಿರುತ್ತದೆ. ಹಣವನ್ನು ಹೆಚ್ಚಾಗಿ ಲೌಡ್‌ಸ್ಪೀಕರಿಗೆ ಕೊಡುವುದು ಜಾಣತನ. ಅಲ್ಲಿಯ ವ್ಯತ್ಯಾಸ ಎಲ್ಲ ಕಿವಿಗಳಿಗೂ ತಿಳಿಯುತ್ತದೆ. ತಟ್ಟೆ ಮನಸ್ಸಿಗೆ ಹಿಡಿಸಿದರೆ ತಟ್ಟೆಯನ್ನೇ ಕೊಳ್ಳಲಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಯಂತ್ರ ಮನೆಗೆ ಬಂದ ಮೇಲೆ ಅದರ ಪರೀಕ್ಷೆಗೆ ಒಂದು ವಾರದ ಗಡುವು ಸಾಕು. ಎಂಟನೆಯ ದಿನ ಸಂಜೆ ಮಕ್ಕಳನ್ನೂ ಹತ್ತಿರ ಕೂರಿಸಿಕೊಂಡು, ಯಾವುದಾದರೂ ಒಂದು ಸಂಗೀತವನ್ನು ಮೊದಲಿನಿಂದ ಕೊನೆಯವರೆಗೆ ಕೇಳುವುದು ಒಳ್ಳೆಯದು.